ಮೂವತ್ತೊಂದನೆಯ ಕಾಗದ

ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವಂಥ ಮಳೆ. ದಾಖಲೆಖಾನೆಗೆ ಬಂದವರು ಹೊರಡಲಾಗದೆ ಉದ್ದನೆಯ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು. ಬಾಗಿಲ ಕಡೆಯ ತುದಿ ಒದ್ದೆಯಾಗಿದ್ದರಿಂದ ಅಲ್ಲಿ ಮಾತ್ರ ಯಾರೂ ಕೂರಲಿಲ್ಲ. ಎದುರಿನ ಕುರ್ಚಿಯಲ್ಲಿದ್ದ ನಿವೃತ್ತ ನೌಕರರೊಬ್ಬರು, ಎಲ್ಲರ ಬಾಯಲ್ಲಿ 'ಲೆಕ್ಕದ ತಾತ', ಕನ್ನಡಕ ಒರೆಸಿಕೊಂಡರು.

"ಆ ತುದಿ ಖಾಲಿಯೇ ಇರಲಿ. ಯಾಕೆ ಅಂತೀರಾ? ಕೇಳಿ...

"ಮೂವತ್ತು ವರ್ಷದ ಹಿಂದೆ ಇಲ್ಲಿ ಹರಿದ ಹಾಳೆಗಳಿಗೆ ತೇಪೆ ಹಾಕುವವಳೊಬ್ಬಳಿದ್ದಳು. ಅವಳ ಮೇಜಿಗೆ ಒಬ್ಬ ಮುದುಕಿ ತಗಡಿನ ಪೆಟ್ಟಿಗೆ ತಂದಿಟ್ಟಳು. ಅದರಲ್ಲಿ ಮಹಾಯುದ್ಧಕ್ಕೆಂದು ಕಡಲಾಚೆ ಹೋಗಿ ಅಲ್ಲೇ ಮಡಿದ ಅವಳ ಅಣ್ಣನ ದಿನಚರಿ, ಮತ್ತೆ ಅವನು ತಾಯಿಗೆ ಬರೆದ ಮೂವತ್ತೊಂದು ಕಾಗದ.

"ಹಡಗು ಮುಳುಗಿದರೆ ಟಪಾಲೂ ಮುಳುಗುವ ಕಾಲವಲ್ಲವೇ? ಅದಕ್ಕೆ ಆ ಸಿಪಾಯಿ ಪ್ರತಿ ಕಾಗದದ ತಲೆಗೂ ಸಂಖ್ಯೆ ಹಾಕುತ್ತಿದ್ದ. 'ಇಂತಿಷ್ಟನೆಯದು ತಲುಪಿತು' ಎಂದು ಮನೆಯಿಂದ ಉತ್ತರ ಬರುವವರೆಗೆ ಅದೇ ಕಾಗದವನ್ನು, ಅದೇ ಸಂಖ್ಯೆ ಹಾಕಿ, ಮತ್ತೆ ಮತ್ತೆ ಬರೆದು ಕಳಿಸುತ್ತಿದ್ದ. ಹಟಮಾರಿ. ಕೊನೆಯದರಲ್ಲಿ ಇದ್ದದ್ದು ಇಷ್ಟೇ: 'ಅಮ್ಮಾ, ಇದು ತಲುಪಿತೆಂದು ತಿಳಿದ ದಿನವೇ ಹೊರಡುತ್ತೇನೆ. ಹಡಗಿನಲ್ಲಿ ಇಪ್ಪತ್ತೆರಡು ದಿನ.' ಆ ಕಾಗದ ಮನೆ ತಲುಪುವ ಮೊದಲೇ ಅವನ ಸಾವಿನ ತಂತಿ ಬಂದಿತ್ತು. ತಾಯಿ ಉತ್ತರ ಬರೆಯಲಿಲ್ಲ...

"ಮುದುಕಿ ಹೇಳಿದಳು: 'ಮಗಳೇ, ಎಲ್ಲದಕ್ಕೂ ನಿಮ್ಮ ಕಚೇರಿ ಮೊಹರು ಹಾಕು, ಇದೊಂದಕ್ಕೆ ಬೇಡ. ಇದು ತಲುಪಿತು ಅಂತ ಯಾವತ್ತೂ ತಿಳಿಸಬೇಡ, ಈಗ ಹೊರಟು ಬರುವವನು ನಿನ್ನ ಅಣ್ಣನಲ್ಲ ಅಂತ ಅಮ್ಮ ನನ್ನಿಂದ ಭಾಷೆ ತಗೊಂಡೇ ಕಣ್ಣು ಮುಚ್ಚಿದ್ದು.' ಇವಳು ಹೂಂ ಅಂದಳು.

"ಮರುದಿನ ಎಣಿಸಿದರೆ ಮೂವತ್ತೆರಡು. ಅದರ ಮರುದಿನ ಮೂವತ್ತಮೂರು. ಹೆಚ್ಚಿದ್ದೆಲ್ಲ ಆ ಕೊನೆಯ ಕಾಗದವೇ. ಅದೇ ಕೈಬರಹ, ಅದೇ ಮಾತು... ಶಾಯಿ ಮಾತ್ರ ಹಸಿ.

"ಮೇಲ್ವಿಚಾರಕ ಗದರಿದ: 'ಏನಮ್ಮಾ, ನಿನ್ನ ಕಾಗದ ಮರಿ ಹಾಕ್ತಾವಾ? ಒಳಗೆ ಬಂದ ಪ್ರತಿ ಹಾಳೆಗೂ ಮೊಹರು ಬೀಳಬೇಕು. ಆಗಲ್ಲ ಅಂದರೆ ನಾಳೆಯಿಂದ ಮನೆಯಲ್ಲೇ ಇರು.' ಮನೆಯಲ್ಲಿ ಎರಡು ಮಕ್ಕಳು, ದುಡಿಯುವ ಕೈ ಇವಳದೊಂದೇ. ಏನು ಮಾಡಿಯಾಳು? ಕಣ್ಣು ಮುಚ್ಚಿ ಆ ಕಾಗದಕ್ಕೂ ಮೊಹರು ಕುಟ್ಟಿದಳು: 'ಸ್ವೀಕರಿಸಲಾಗಿದೆ'. ಕೆಳಗೆ ತಾರೀಖು, ಕಚೇರಿಯ ವಿಳಾಸ. ಬೆಳಗ್ಗೆ ನೋಡಿದರೆ ಕಾಗದ ಮೂವತ್ತೊಂದೇ. ಲೆಕ್ಕ ಸರಿಹೋಯಿತೆಂದು ಮೇಲ್ವಿಚಾರಕ ಹಿಗ್ಗಿದ.

"ಮುದುಕಿ ಬಂದು ಮೊಹರು ನೋಡಿದಳು. ಬೈಯಲಿಲ್ಲ. 'ನಮ್ಮ ಮನೆ ಉಳಿಯಿತು ಬಿಡು. ಇದರಲ್ಲಿರೋದು ನಿಮ್ಮ ವಿಳಾಸ,' ಅಂದಳು.

"ಇಪ್ಪತ್ತೆರಡನೆಯ ದಿನ ಮಳೆಯಿಲ್ಲ, ಸುಡುಬಿಸಿಲು. ಮೂರೂವರೆಗೆ ಮೆಟ್ಟಿಲ ಮೇಲೆ ನೀರು ತುಂಬಿದ ಬೂಟಿನ ಸದ್ದು... ಇವಳು ತಲೆ ಎತ್ತಲಿಲ್ಲ. ಬೆಂಚಿನ ಆ ತುದಿ ಕಿರ್ರೆಂದಿತು. 'ಅಮ್ಮ ಎಲ್ಲಿ?' ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: 'ಬರ್ತಾರೆ, ಕೂತಿರಿ.' ಅಂದವಳೇ ಹೊರಟುಹೋದಳು. ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ.

"ಆ ಮೇಲ್ವಿಚಾರಕ ನಾನೇ. ದಿನಾ ಅದೇ ಹೊತ್ತಿಗೆ ಅವನು ಕೇಳುತ್ತಾನೆ. ದಿನಾ ಬಂದು ನಾನು ಅದೇ ಉತ್ತರ ಕೊಡುತ್ತೇನೆ. ಒಮ್ಮೆ ಜ್ವರ ಬಂದು ತಪ್ಪಿಸಿದೆ. ಅಂದು ಎದ್ದು ಹುಡುಕಿದ್ದಾನೆ... ಬೀಗ ಹಾಕಿದ ಕಪಾಟುಗಳ ಒಳಗೆಲ್ಲ ನೀರು. ನನಗೀಗ ಎಂಬತ್ತನಾಲ್ಕು. ಇನ್ನೆಷ್ಟು ದಿನ, ನೀವೇ ಲೆಕ್ಕ ಹಾಕಿ.

"ಬೆಂಚಿನ ತುದಿಯಲ್ಲಿರೋದು ಮಳೆಯ ನೀರು ಅಂದುಕೊಂಡಿರಾ? ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿ, ಉಪ್ಪು... ಶ್. ಮೂರೂವರೆ ಆಯಿತು. ಇವತ್ತು ನನ್ನ ಬದಲು ನಿಮ್ಮಲ್ಲಿ ಯಾರಾದರೊಬ್ಬರು ಆ ಉತ್ತರ ಹೇಳಿ."