ಸಣ್ಣ ಹಳಿಯ ಕಲ್ಲಿನ ಬಗ್ಗೆ ಸುವರ್ಣಾ ಕೊಟ್ಟ ಎರಡನೇ ಹೇಳಿಕೆ

ನಾನು ಶ್ರೀಮತಿ ಸುವರ್ಣಾ ಗಂಡ ಅನೀಲಕುಮಾರ ಹೊಸಮನಿ, ವಯಾ 46 ವರ್ಷ, ಉದ್ಯೋಗ: ಹೊಲಿಗೆ ಅಂಗಡಿ, ಸಾ: ಸ್ಟೇಷನ್ ಓಣಿ, ತಾ: ಇಂಡಿ, ಜಿ: ವಿಜಯಪುರ. ನಿನ್ನೆ ಇದೇ ಠಾಣೆಯಲ್ಲಿ ಫಿರ್ಯಾದಿ ಕೊಟ್ಟಿದ್ದು, ಇಂದು ಯಾರೂ ಕರೆಯದೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಓಣಿಯ ಹಿಂದೆ ಮೊದಲು ಸಣ್ಣ ಹಳಿಯ ರೈಲು ಓಡುತ್ತಿತ್ತು. ದೊಡ್ಡ ಹಳಿ ಬೇರೆ ಕಡೆ ಬಿದ್ದ ಮೇಲೆ ಆ ಜಾಗದಲ್ಲಿ ಜಾಲಿಕಂಟಿ ಬೆಳೆದು ಹಂದಿಗಳ ವಾಸವಾಗಿತ್ತು. ಹೋದ ದಸರೆಯಿಂದ ನಾವು ಹದಿನಾಲ್ಕು ಜನ ಬಳಗ ಕಟ್ಟಿಕೊಂಡು ಜಾಲಿ ಕಡಿದು, ಬೇವಿನ ಸಸಿ ಹಚ್ಚಿ, ಜನ ಅಡ್ಡಾಡಲು ಒಂದೂವರೆ ಕಿಲೋಮೀಟರ್ ದಾರಿ ಮಾಡಿರುತ್ತೇವೆ. ಹಳೇ ರೈಲಿನ ನೆನಪಿಗೆ ಗೋಡೆ, ಕಲ್ಲುಗಳ ಮೇಲೆ ಇಂಜಿನ್, ಡಬ್ಬಿಗಳ ಚಿತ್ರ ಬರೆದಿರುತ್ತೇವೆ. ನಾನು ಬಳಗದ ಕಾರ್ಯದರ್ಶಿ. ನನ್ನ ಮಾವ ದಿವಂಗತ ಸಂಗಣ್ಣ ಅದೇ ಹಳಿಯ ಮೇಲೆ ಹಳಿ ರಿಪೇರಿಯ ಗ್ಯಾಂಗಮನ್ ಆಗಿದ್ದರಿಂದ ಈ ಕೆಲಸ ಉಳಿದವರಿಗಿಂತ ನನ್ನದೇ ಹೆಚ್ಚು ಎಂದು ತಿಳಿದಿದ್ದೆ.

ದಾರಿಯ ಮಧ್ಯದಲ್ಲಿ ರೈಲ್ವೆಯ ಹಳೇ ಕಿಲೋಮೀಟರ್ ಕಲ್ಲು ಇರುತ್ತದೆ. ಅದರ ಮೇಲೆ ನಾನೇ ಎರಡು ದಿನ ಬಿಸಿಲಲ್ಲಿ ಕುಳಿತು ಕಪ್ಪು ಇಂಜಿನ್ ಬರೆದಿದ್ದೆ. ದಿನಾಂಕ 06-01-2025ರ ಸೋಮವಾರ ಬೆಳಿಗ್ಗೆ ನೋಡಿದರೆ ಇಂಜಿನ್ನಿನ ಮೂತಿಗೆ ಕುಂಕುಮ, ಭಂಡಾರ ಬಳಿದು ಮೇಲೆ ಹಾಲು ಸುರಿದಿತ್ತು. 13ರ ಸೋಮವಾರವೂ ಹಾಗೆಯೇ ಆಯಿತು. ನನಗೆ ಮೈಯೆಲ್ಲ ಉರಿಯಿತು. ಕುಂಕುಮ ಬಿದ್ದ ಕಲ್ಲು ನಾಲ್ಕು ವಾರಕ್ಕೆ ದೇವರಾಗುತ್ತದೆ, ದೇವರಾದರೆ ತಗಡಿನ ಶೆಡ್ಡು ಬರುತ್ತದೆ, ಶೆಡ್ಡು ಬಂದರೆ ಜಾಗ ಯಾವನದೋ ಆಗುತ್ತದೆ. ಇಂಥವು ಸುತ್ತಮುತ್ತ ಎಷ್ಟು ಆಗಿವೆ ಎಂಬುದು ಸಾಹೇಬರಿಗೂ ಗೊತ್ತಿದ್ದದ್ದೇ.

ಸದರಿ ಕಲ್ಲಿನಿಂದ 40 ಅಡಿ ಅಂತರದಲ್ಲಿ ಯಲ್ಲಾಲಿಂಗ ಮ್ಯಾಗೇರಿ ಎಂಬವನ ಚಹಾದಂಗಡಿ ಇರುತ್ತದೆ. ಅವನೂ ಬಳಗದವನೇ. ನನಗೆ ಅವನ ಮೇಲೆ ಸಂಶಯ ಬಂದಿತು. ದೇವರು ಎದ್ದರೆ ಮೊದಲು ಲಾಭವಾಗುವುದು ಚಹಾದಂಗಡಿಗೆ. ಅಷ್ಟು ಬೆಳಿಗ್ಗೆ ಹಾಲು ಸಿಗುವುದೂ ಅಲ್ಲಿಯೇ. 26ನೇ ತಾರೀಖಿನ ದಾರಿಯ ಉದ್ಘಾಟನೆಗೆಂದು ಕಲ್ಲನ್ನು ಕಿತ್ತು ಬಾಗಿಲಲ್ಲಿ ನಿಲ್ಲಿಸೋಣ, 23ಕ್ಕೆ ಜೆಸಿಬಿ ಕರೆಸೋಣ ಎಂದು ನಾನು ಸಭೆಯಲ್ಲಿ ಹೇಳಿದಾಗ ಹದಿಮೂರು ಜನ ಕೈ ಎತ್ತಿದರು. ಇವನೊಬ್ಬನೇ, "ಆ ಕಲ್ಲ ಅಲ್ಲೇ ಇರ್ಲಿ ಬಿಡ್ರಿ ಅಕ್ಕಾರ" ಅಂದನು. ಯಾಕೆ ಎಂದು ಕೇಳಿದರೆ ಚಹಾದ ಕಪ್ಪು ಎಣಿಸತೊಡಗಿದನು.

ಅವನನ್ನು ಪರೀಕ್ಷೆ ಮಾಡಬೇಕೆಂದೇ 20ರ ಸೋಮವಾರ ಬೆಳಗಿನ ಕಾವಲು ಅವನಿಗೆ ಒಪ್ಪಿಸಿದೆ. ನಾನು ಹೋದಾಗ ಕಲ್ಲಿನ ಮೇಲಿನ ಹಾಲು ಇನ್ನೂ ಹಸಿಯಾಗಿತ್ತು. ಯಾರು ಬಂದಿದ್ದರು ಎಂದು ಕೇಳಿದ್ದಕ್ಕೆ, "ಯಾರೂ ಬಂದಿಲ್ರಿ, ನಾ ಇಲ್ಲೇ ಅದೇನಿ" ಅಂದನು. ಕಾವಲುಗಾರನೇ ಕಳ್ಳ ಎಂದು ಖಾತ್ರಿಯಾಯಿತು. 21ರಂದು ಫಿರ್ಯಾದಿ ಕೊಟ್ಟೆ. ಅಂದೇ ಸಂಜೆ 6 ಗಂಟೆಗೆ ಪೊಲೀಸರು ಅವನನ್ನು ಅಂಗಡಿಯಿಂದ ಕರೆದುಕೊಂಡು ಬಂದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನನಗೆ ಆಗ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಇಂದು ದಿನಾಂಕ 22ರಂದು ಬೆಳಿಗ್ಗೆ 5-50ಕ್ಕೆ ಕಲ್ಲಿನ ಫೋಟೋ ತೆಗೆದು ಠಾಣೆಗೆ ಕೊಡಬೇಕೆಂದು ಹೋದೆನು. ಕಲ್ಲಿನ ಮುಂದೆ ಯಾರೋ ಕುಕ್ಕರಗಾಲಲ್ಲಿ ಕುಳಿತಿದ್ದರು. ಯಲ್ಲಾಲಿಂಗನ ಕಡೆಯವರೇ ಇರಬೇಕೆಂದು ಮೊಬೈಲ್ ಹಿಡಿದು ಹತ್ತಿರ ಹೋದರೆ, ನಮ್ಮ ಅತ್ತೆ ಕಸ್ತೂರೆವ್ವ, ವಯಾ 74. ನಮ್ಮ ಮನೆಯ ಬಟ್ಟಲಿನಿಂದಲೇ ಹಾಲು ಹಾಕುತ್ತಿದ್ದರು. ನಾಳೆ ಕಲ್ಲು ಕೀಳುತ್ತಾರೆಂದು ಸೋಮವಾರದ ತನಕ ಕಾಯದೆ ಬಂದಿದ್ದರು.

ಇದೇನು ಅತ್ತಿ ಎಂದು ಕೇಳಿದೆ. ಅವರು ಹೇಳಿದ್ದೇನೆಂದರೆ, ನನ್ನ ಗಂಡ ಹುಟ್ಟುವ ಮೊದಲು ಅವರಿಗೆ ಒಂದು ಹೆಣ್ಣು ಕೂಸು ಆಗಿತ್ತು. ಆಗ ಗ್ಯಾಂಗಮನ್‌ಗಳ ಮನೆಗಳು ಹಳಿಯ ಮಗ್ಗುಲಿಗೇ ಇದ್ದವು. ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ಜ್ವರದಲ್ಲಿ ತೀರಿತು. ಮಾವ ಸದರಿ ಕಲ್ಲಿನ ಬುಡಕ್ಕೆ ಮಣ್ಣು ಮಾಡಿ, "ಇದು ರೇಲ್ವೇದ್ ಕಲ್ಲ, ಯಾರೂ ಕೀಳಂಗಿಲ್ಲ" ಎಂದು ಹೇಳಿದ್ದರಂತೆ. ಮಗ ಹುಟ್ಟಿದ ಮೇಲೆ ಆ ಮಾತು ಮನೆಯಲ್ಲಿ ಎತ್ತಬಾರದೆಂದೂ ಹೇಳಿದ್ದರಂತೆ. ಅತ್ತೆ ಇವತ್ತಿನ ತನಕ ಮಗನ ಮುಂದೆಯೂ ಎತ್ತಿಲ್ಲ.

"ಕಂಟಿಯೊಳಗ ಇದ್ದಾಗ ನಾ ಬರೂದು ಹೋಗೂದು ಯಾರಿಗೂ ಕಾಣ್ತಿದ್ದಿಲ್ಲ. ನೀವ ಕಡದು ಬಯಲ ಮಾಡಿದ್ರಿ. ಕಲ್ಲ ಹ್ವಾದ್ರ ನಾ ಎಲ್ಲಿ ಅಂತ ಗುರ್ತಾ ಹಿಡೀಲಿ ಯವ್ವಾ?" ಅಂದರು. ಯಲ್ಲಾಲಿಂಗ ಒಂದು ದಿನ ನೋಡಿದ್ದನು, ಯಾರ ಮುಂದೂ ಹೇಳುವುದಿಲ್ಲವೆಂದು ಅವನ ಕಡೆಯಿಂದ ತಾವು ಆಣೆ ಮಾಡಿಸಿಕೊಂಡಿದ್ದಾಗಿಯೂ ಹೇಳಿದರು. ನಾನು ಬರೆದ ಇಂಜಿನ್ನಿನ ಮುಂದೆ ನಿಲ್ಲಲು ನನಗೆ ನಾಚಿಕೆಯಾಯಿತು. ಅತ್ತೆಯ ಕೈ ಹಿಡಿದು ಮನೆಗೆ ಕರೆತಂದು ಬಿಟ್ಟೆನು.

9 ಗಂಟೆಗೆ ಠಾಣೆಗೆ ಬಂದಾಗ, ಯಲ್ಲಾಲಿಂಗ ತಾನೇ ಪೂಜೆ ಮಾಡಿದ್ದಾಗಿ ಒಪ್ಪಿ ಸಹಿ ಮಾಡಿದ್ದಾನೆಂದು ಹವಾಲ್ದಾರರು ಹೇಳಿದರು. ಅವನನ್ನು ನೋಡಬೇಕೆಂದು ಕೇಳಿಕೊಂಡೆ. ನನ್ನನ್ನು ಕಂಡು ಎದ್ದು ನಿಂತು, "ನಾನ ಹಾಕೇನ್ರಿ ಅಕ್ಕಾರ ಹಾಲ, ಬರಕೊಟ್ಟೇನಿ" ಅಂದನು. ಬೆಳಿಗ್ಗೆ ಅತ್ತೆಯನ್ನು ಕಣ್ಣಾರೆ ಕಂಡೆ ಎಂದು ಸಣ್ಣ ದನಿಯಲ್ಲಿ ಹೇಳಿದೆ. ಅವನು ತನ್ನನ್ನು ಯಾವಾಗ ಬಿಡುತ್ತಾರೆಂದು ಕೇಳಲಿಲ್ಲ. "ಅನೀಲಣ್ಣಗ ಗೊತ್ತಾತೇನ್ರಿ?" ಎಂದು ಮೊದಲು ಅದನ್ನೇ ಕೇಳಿದನು.

ಕಾರಣ, ಯಲ್ಲಾಲಿಂಗ ಬರೆದುಕೊಟ್ಟದ್ದು ಸುಳ್ಳು ಇರುತ್ತದೆ. ಅವನ ಮೇಲೆ ನನ್ನ ಯಾವ ತಕರಾರೂ ಇಲ್ಲ, ಅವನನ್ನು ಈಗಲೇ ಬಿಡಬೇಕು. ಜೆಸಿಬಿಯವನಿಗೆ ಬರಬೇಡವೆಂದು ಫೋನು ಮಾಡಿರುತ್ತೇನೆ. ಕಲ್ಲು ಇದ್ದಲ್ಲಿಯೇ ಇರುತ್ತದೆ. ಬಳಗದವರಿಗೆ ಏನು ಕಾರಣ ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ.

ಇಷ್ಟು ಬರೆಸುವಷ್ಟರಲ್ಲಿ ನನ್ನ ಗಂಡ ಅನೀಲಕುಮಾರ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಬರೆದದ್ದನ್ನು ಓದಿ ಹೇಳುವ ಪದ್ಧತಿ ಇದ್ದರೂ ಇದನ್ನು ಗಟ್ಟಿಯಾಗಿ ಓದಬೇಡಿರೆಂದು ಸಾಹೇಬರಿಗೆ ಕೈ ಮುಗಿದೆ. ಕಾಗದ ಇಸಿದುಕೊಂಡು ನಾನೇ ಮನಸ್ಸಿನಲ್ಲಿ ಓದಿಕೊಂಡೆನು. ಎಲ್ಲವೂ ಖರೆ ಇರುತ್ತದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 22-01-2025, ಬೆಳಿಗ್ಗೆ 10-40
ಸಹಿ: ಸುವರ್ಣಾ ಅ. ಹೊಸಮನಿ