ಅಮಾವಾಸ್ಯೆಗೊಮ್ಮೆ ಪ್ರೀಮಿಯಂ

ಒಂದು ಊರು, ಅಲ್ಲೊಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಎದ್ದು ಹೋಗುತ್ತೀರಿ. ಬೆಲ್ಲದ ವ್ಯಾಪಾರ, ಕೈತುಂಬ ದುಡ್ಡು. ಒಂದು ಟರ್ಬೊ ಕಾರು ಕೊಂಡ. ಟರ್ಬೊ ಅಂದರೆ ಏನು? ಕಮ್ಮಾರನ ಕುಲುಮೆಗೆ ತಿದಿ ಇರುತ್ತದಲ್ಲ, ಹಾಗೆ ಎಂಜಿನ್ನಿಗೆ ಗಾಳಿ ಒತ್ತಿಕೊಡುವ ಚಕ್ರ. ಗಾಳಿ ಜೋರಾದರೆ ಬೆಂಕಿಯೂ ಜೋರು. ಆ ಬೆಂಕಿಗೆ ತಾಳುವ ಪೆಟ್ರೋಲು ಬೇಕು. ಈ ಕಾರಿಗೆ ಜಾಸ್ತಿ ದರದ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸಿ ಎಂದು ಮಾರಿದವರು ಹೇಳಿ ಕಳಿಸಿದ್ದರು.

ಸಾಹುಕಾರ ಏನು ಮಾಡಿದ? ಪಂಪಿಗೆ ಹೋದಾಗಲೆಲ್ಲ ಸಾದಾ ಪೆಟ್ರೋಲು. ಅಮಾವಾಸ್ಯೆಯ ದಿನ ಮಾತ್ರ ಕಾರು ತೊಳೆಸಿ, ಲಿಂಬೆಹಣ್ಣು ಕಟ್ಟಿಸಿ, ಕಾಯಿ ಒಡೆಸಿ, ಪ್ರೀಮಿಯಂ.

ಚಾಲಕ ಹೇಳಿದ, “ಸಾವ್ಕಾರ್ರ, ದಿನಾ ಅದನ್ನ ಹಾಕಸ್ಬೇಕ್ರಿ. ಏರಿನ್ಯಾಗ ಒಳಗ ಟಕಟಕ ಅಂತೈತ್ರಿ.”

“ಲೇ ತಮ್ಮಾ, ತಿಂಗಳಿಗೊಮ್ಮಿ ಚಲೋದು ಹೋದ್ರ ಒಳಗಿನ ಹೊಲಸೆಲ್ಲಾ ತೊಳ್ದು ಹೋಗ್ತೈತಿ. ನಾವು ಉಪಾಸ ಮಾಡೂದಿಲ್ಲೇನು?”

“ಉಪಾಸದ ಮರುದಿನ ಹೋಳಿಗಿ ತಿಂದು ಸಂಜೀತನಕ ಮಲಗ್ತೀರಿ,” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

ಹೀಗಿರುವಾಗ ಘಟ್ಟದ ಮೇಲಿನ ತವರಿನಿಂದ ಅವಳಿಗೆ ಫೋನು ಬಂತು. ತಾಯಿಗೆ ಕಡೆಗಾಲ. ಮಗಳು ಬಂದಳೇನು ಎಂದು ಒಂದೇ ಸಮನೆ ಕೇಳುತ್ತಿದ್ದಾಳೆ, ಮಾತು ನಿಲ್ಲುವ ಮೊದಲು ಬನ್ನಿ. ಮೂವರೂ ಹೊರಟರು. ದಾರಿಯಲ್ಲಿ ಪಂಪು.

“ರೀ, ಇವತ್ತರ ಚಲೋದು ಹಾಕಸ್ರಿ. ಘಟ್ಟ ಏರೂದೈತಿ.”

“ಮೊನ್ನಿ ಅಮಾಸಿಗೆ ಹಾಕ್ಸೀನಲ್ಲ. ಸುಮ್ಕ ಕುಂದರು.”

ಸಾದಾ ತುಂಬಿಸಿದ. ಏನು ಹೇಳೋಣ ಇಂಥವನಿಗೆ? ಘಟ್ಟದ ಅರ್ಧಕ್ಕೆ ಟಕಟಕ ಶುರುವಾಯಿತು. ಚಾಲಕನ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು, ಕಸುವು ಹೋಯಿತು, ಕಾರು ನಿಂತಿತು. ಸಾಹುಕಾರ ಇಳಿದು ಬಾನೆಟ್ಟಿಗೆ ಗುದ್ದಿದ.

“ಮೊನ್ನಿ ತಾನ ಅಷ್ಟು ಚಲೋದು ಕುಡಿಸೀನಿ. ಇದಕ್ಕ ನೆನಪಿಲ್ಲೇನು?”

ನೋಡಿ, ಎಂಜಿನ್ನಿಗೆ ನೆನಪಿರಬೇಕಂತೆ.

ಹೆಂಡತಿ ಕೆಳಗಿಳಿದಳು. “ಅವತ್ತಿಂದು ಅವತ್ತ ಉರದು ಹೋತ್ರಿ. ನನಗೂ ಹಿಂಗ ಮಾಡ್ಕೋತ ಬಂದೀರಿ. ದೀಪಾವಳಿಗೆ ಒಂದು ಸೀರಿ, ಒಂದು ನಗಿ. ಉಳಿದ ದಿನ ಕರದ್ರ ಓ ಅನ್ನೂದಿಲ್ಲ. ಆ ಸೀರಿ ನೆನಸ್ಕೊಂಡು ವರ್ಷಾನಗಟ್ಲೆ ಏರು ಏರೂದು ನನ್ನ ಕೈಲಿ ಆಗೂದಿಲ್ರಿ.”

ಹಿಂದಿನಿಂದ ಬಸ್ಸು ಬಂತು. ಕೈ ಮಾಡಿ ನಿಲ್ಲಿಸಿದಳು. “ತಡಿ, ಮೆಕ್ಯಾನಿಕ್ ಬರ್ತಾನ,” ಅಂದ ಗಂಡ. ಅವಳು ಹತ್ತಿ ಹೋದಳು. ಬಸ್ಸು ಊರೂರಿಗೆ ನಿಂತು ನಿಂತು ಸಾಗಿತು. ಮನೆ ಮುಟ್ಟಿದಾಗ ತಾಯಿಗೆ ಉಸಿರಿತ್ತು, ಮಾತಿರಲಿಲ್ಲ. “ಬಂದೆನವ್ವಾ” ಎಂದು ಮಗಳು ಹೇಳುತ್ತಲೇ ಇದ್ದಳು. ಬಂದಳೇನು ಎಂದು ಕೇಳುವವಳು ಕೇಳುವುದನ್ನು ನಿಲ್ಲಿಸಿದ್ದಳು.

ಈಗ ನೀವು ‘ಎಂಥ ಜಿಪುಣ’ ಅನ್ನುತ್ತೀರಿ. ಜಿಪುಣನ ಕಥೆಯಲ್ಲ ಇದು. ಎಷ್ಟು ಸಲ ಹೇಳಲಿ? ನಿಮ್ಮ ಅಪ್ಪಂದಿರಿಗೂ ಮಠದ ಇದೇ ಕಟ್ಟೆಯ ಮೇಲೆ ಕೂತು ಇದನ್ನೇ ಹೇಳಿದ್ದೆ, ಆಗ ಕಾರಿರಲಿಲ್ಲ, ಎತ್ತಿನ ಮೇವಿನ ಕಥೆ ಹೇಳಿದ್ದೆ. ಅವರೂ ಹೀಗೇ ತಲೆಯಾಡಿಸಿ ಮನೆಗೆ ಹೋದರು. ಇವತ್ತು ಸೋಮವಾರ, ಉಪವಾಸ, ಹಣೆತುಂಬ ವಿಭೂತಿ. ನಾಳೆ? ಸೊಸೆಯ ಮೇಲೆ ಕೂಗಾಟ, ತಕ್ಕಡಿಯ ಮೇಲೆ ಬೆರಳು, ಅಣ್ಣನ ಹೊಲದ ಬದುವಿಗೆ ಗುದ್ದಲಿ. ಮುಂದಿನ ಸೋಮವಾರ ಮತ್ತೆ ಬಂದು ನನ್ನ ಕಾಲಿಗೆ ಬೀಳುವುದು. ನನ್ನ ಕಾಲು ಸವೆಯಿತು, ನೀವು ಸವೆಯಲಿಲ್ಲ. ಪುಣ್ಯ ಅನ್ನುವುದು ಭರಣಿಯ ಉಪ್ಪಿನಕಾಯಿಯೇನು, ಒಮ್ಮೆ ಹಾಕಿಟ್ಟು ವರ್ಷವಿಡೀ ನೆಕ್ಕಲು? ಇವತ್ತಿನದು ಇವತ್ತೇ ಉರಿದುಹೋಗುತ್ತದೆ. ನಾಳೆಯ ಏರಿಗೆ ನಾಳೆಯೇ ಹಾಕಬೇಕು.

ನಾಳೆ ಮಂಗಳವಾರ. ಹಬ್ಬವಲ್ಲ, ಹುಣ್ಣಿಮೆಯೂ ಅಲ್ಲ. ಹೆಂಡತಿ ಕರೆದರೆ ಓಗೊಡಿ. ಸೊಸೆ ಚಹಾ ತಂದರೆ ಅವಳ ಮುಖ ನೋಡಿ ಇಸಿದುಕೊಳ್ಳಿ. ತೂಗುವಾಗ ಬೆರಳು ತೆಗೆಯಿರಿ. ಬುಧವಾರವೂ ಅದನ್ನೇ ಮಾಡಿ. ಅಷ್ಟು ಮಾಡಿದರೆ ಸೋಮವಾರ ಇಲ್ಲಿಗೆ ಬಾರದಿದ್ದರೂ ನನಗೆ ಬೇಸರವಿಲ್ಲ.