ಡೆಲ್ಮರ್ ಪ್ರೂಯಿಟ್‌ನ ಒಂದೇ ಹಿಟ್

ಸ್ಟೇಡಿಯಮ್ಮಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದೆ ಇಬ್ಬರು ಕೂತಿದ್ದರು. ಒಬ್ಬಳು ನಮ್ಮೂರ ಹೆರಾನ್ಸ್ ಬೇಸ್‌ಬಾಲ್ ತಂಡದ ದಾಖಲೆ ನೋಡಿಕೊಳ್ಳುವ ವರ್ನಾ. ಇನ್ನೊಬ್ಬ ಓರ್ವಿಲ್ ಸ್ಟಾನೆಕ್, ಒಂದು ಕಾಲದಲ್ಲಿ ಸತತ ಮೂವತ್ತೊಂದು ಪಂದ್ಯಗಳಲ್ಲಿ ಹಿಟ್, ಅಂದರೆ ಔಟಾಗದೆ ಬೇಸ್ ತಲುಪಿಸುವ ಹೊಡೆತ, ಹೊಡೆದು ತಂಡದ ದಾಖಲೆ ಮಾಡಿದ ಮುದುಕ.

"ಹತ್ತೊಂಬತ್ತನೇ ಪಂದ್ಯದ ಹಿಟ್ ನಿಮ್ದಲ್ಲ, ಸ್ಟಾನೆಕ್ ಅವ್ರೇ. ಆವತ್ತಿನ ಪೇಪರ್ ಸಿಕ್ತು. ಹೊಡೆದಿದ್ದು ಡೆಲ್ಮರ್ ಪ್ರೂಯಿಟ್. ಪಂದ್ಯದ ಲೆಕ್ಕ ಬರ್ಕೊಂಡೋನು ಅಂಗಿ ನಂಬರ್ ತಪ್ಪು ನೋಡಿದಾನೆ."

"ಗೊತ್ತು ಕಣಮ್ಮ."

"ಗೊತ್ತಾ! ಯಾವಾಗಿಂದ?"

"ಆವತ್ತಿಂದ. ನಾನು ಬ್ಯಾಟ್ ಹಿಡಿದ ನಾಲ್ಕು ಸಲವೂ ಔಟಾಗಿದ್ದೆ."

"ಮತ್ತೆ ಯಾಕೆ ಸುಮ್ನಿದ್ರಿ?"

"ಡೆಲ್ಮರ್‌ನೇ ಬೇಡ ಅಂದ. ಆಗಷ್ಟೇ ತಂಡಕ್ಕೆ ಬಂದಿದ್ದ. ನಾನು ಇನ್ನೂ ಬೇಕಾದಷ್ಟು ಹೊಡೀತೀನಿ, ನಿನ್ನ ಹಿಟ್‌ಗಳ ಸಾಲು ಮುರೀಬಾರ್ದು ಅಂದ. ಮುಂದಿನ ವಾರ ಅವನ ಮೊಣಕಾಲು ಹೋಯ್ತು. ಮತ್ತೆ ಆಡ್ಲೇ ಇಲ್ಲ."

"ದಾಖಲೆ ಪುಸ್ತಕದಲ್ಲಿ ಅವ್ರ ಹೆಸರಿನ ಮುಂದೆ ಸೊನ್ನೆ ಇದೆ."

"ಅಪ್ಪ ಒಂದಾದ್ರೂ ಹೊಡೆದಿದ್ರಾ ಅಂತ ಅವನನ್ನ ಮಣ್ಣು ಮಾಡೋ ದಿನ ಅವನ ಮಗಳು ಕೇಳಿದ್ಲು. ನಾನು ಬಾಯೇ ಬಿಡ್ಲಿಲ್ಲ."

"ತಿದ್ದಿದ್ರೆ ನಿಮ್ಮ ಸಾಲು ಹದಿನೆಂಟಕ್ಕೇ ನಿಲ್ಲುತ್ತೆ. ಸ್ಟೇಡಿಯಂ ಗೋಡೆ ಮೇಲಿನ ನಿಮ್ಮ ಹೆಸರೂ ಇಳಿಸ್ಬೇಕಾಗುತ್ತೆ."

"ಇಳಿಸಿ."

ಬಸ್ ನಿಂತಿತು. ಮುದುಕ ಕಂಬಿ ಹಿಡಿದು ಎದ್ದ.

"ಡೆಲ್ಮರ್ ಮಗಳಿಗೆ ಆಫೀಸಿನಿಂದ ಪತ್ರ ಬರೀಲಾ?" ಎಂದಳು ವರ್ನಾ.

"ಬೇಡ, ನಾನೇ ಹೇಳ್ಬೇಕು. ಕನ್ನಡಕ ಮನೇಲಿದೆ, ನೀನು ಅವಳ ಫೋನ್ ನಂಬರ್ ಒತ್ತಿಕೊಡು."

ಇಬ್ಬರೂ ಇಳಿದು ಹೋದರು.